ಇಂಗ್ಲಿಷ್ ಪಾಠದಲ್ಲಿ ವಿಷಯಜ್ಞಾನ

ಇಂಗ್ಲಿಷ್ ದ್ವಿತೀಯ ಭಾಷೆಯಾಗಿರುವ ತರಗತಿಯಲ್ಲಿ ಅಧ್ಯಾಪಕರು ಮೊದಲು ನಿಶ್ಚಯಿಸಬೇಕಾದುದು ವಿಷಯವನ್ನು, ಪದಗಳು ಅನಂತರದವು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಮಲಪ್ರಭಾತೀರವನ್ನೇ ನಿದರ್ಶನವಾಗಿ ಕೊಳ್ಳಬಹುದು. ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ಪಾಠಕ್ಕೆ ‘ರೈಸಸ್’, ‘ಫ್ಲೋಸ್’, ‘ಜಾಯಿನ್ಸ್’ ಎಂಬ ಮೂರು ಕ್ರಿಯಾಪದಗಳು ಸಾಕು.

ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಒಡನೆ ಕುಳಿತು ಪಾಠವನ್ನು ಯೋಜಿಸುವುದು ಲೇಸು. ಕನ್ನಡದ ಅವಧಿಯಲ್ಲಿ ನಕ್ಷೆ ಬರೆಯಿಸಿ ನದಿಯ ಗತಿಯನ್ನು ವಿವರಿಸಲಿ. ಇಂಗ್ಲಿಷ್ ಅವಧಿಯಲ್ಲಿ ಅದೇ ಕ್ರಮದಲ್ಲಿ ಮೂರು ವಾಕ್ಯಗಳನ್ನು ಕಟ್ಟಿಸಲಿ.

ಪರೀಕ್ಷೆಯಲ್ಲಿ ವಿಷಯಕ್ಕೂ ಭಾಷೆಗೂ ಪ್ರತ್ಯೇಕ ಅಂಕಗಳಿರಬೇಕು. ನಕ್ಷೆಯ ಮೇಲೆ ನದಿಯ ದಾರಿಯನ್ನು ತಪ್ಪದೆ ತೋರಿಸುವ ಬಾಲಕನನ್ನು, ಇಂಗ್ಲಿಷ್ ವಾಕ್ಯ ತಪ್ಪಿದ ಮಾತ್ರಕ್ಕೆ ಅಜ್ಞಾನಿಯೆಂದು ಎಣಿಸುವುದು ಸಲ್ಲದು. ಅವನಲ್ಲಿ ಅರಿವಿದೆ, ಅದಕ್ಕೆ ಇನ್ನೊಂದು ಭಾಷೆಯ ನುಡಿಯನ್ನು ಒದಗಿಸುವುದೇ ಅಧ್ಯಾಪಕನ ಕರ್ತವ್ಯ.