ಆರೋಗ್ಯ ಪಾಠ: ಹಾಕಿದ ಚರ್ಮ ಬೇರು ಹಿಡಿಯಬೇಕಾದರೆ



ಬೆಂಕಿ, ಬಿಸಿನೀರಿನಿಂದ ಆಳವಾಗಿ ಸುಟ್ಟ ಗಾಯ, ಅಪಘಾತದಲ್ಲಿ ಚರ್ಮ ಕಿತ್ತುಹೋದ ಗಾಯ ತಾನಾಗಿ ಮಾಯುವುದು ಕಷ್ಟ. ಆಗ ವೈದ್ಯರು ಸಾಮಾನ್ಯವಾಗಿ ತೊಡೆಯಿಂದ ತೆಳುವಾದ ಚರ್ಮ ತೆಗೆದು ಗಾಯದ ಮೇಲೆ ಹಾಕುತ್ತಾರೆ. ಇದೇ ಚರ್ಮ ಕಸಿ. "ಆಪರೇಷನ್ ಆಯ್ತಲ್ಲ, ಇನ್ನೇನು ಭಯ?" ಅಂದುಕೊಳ್ಳುತ್ತೇವೆ. ಆದರೆ ಮುಂದಿನ ಒಂದು ವಾರವೇ ಬಹಳ ಮುಖ್ಯ.

ಯಾಕೆ? ಹಾಕಿದ ಚರ್ಮಕ್ಕೆ ತನ್ನದೇ ಆದ ರಕ್ತ ಸಂಚಾರ ಇರೋದಿಲ್ಲ. ಮೊದಲ ಒಂದೆರಡು ದಿನ ಅದು ಗಾಯದಲ್ಲಿ ಒಸರುವ ನೀರನ್ನು ಹೀರಿ ಬದುಕುತ್ತದೆ. ಆಮೇಲೆ ಗಾಯದ ತಳದ ಸಣ್ಣ ರಕ್ತನಾಳಗಳು ಅದರೊಂದಿಗೆ ಕೂಡಿಕೊಳ್ಳುತ್ತವೆ. ಸುಮಾರು 5ರಿಂದ 7 ದಿನಗಳಲ್ಲಿ ರಕ್ತದ ಓಡಾಟ ಶುರುವಾಗಿರುತ್ತದೆ. ನಾಟಿ ಮಾಡಿದ ಸಸಿ ಬೇರು ಹಿಡಿದ ಹಾಗೆ. ಬೇರು ಬಂತಾ ಅಂತ ದಿನಾ ಕಿತ್ತು ನೋಡಿದರೆ ಸಸಿ ಉಳಿದೀತೇ?

ರಕ್ತ ಸಿಗದಿರಲು ಕಾರಣಗಳು:
1. ಚರ್ಮದ ಅಡಿಯಲ್ಲಿ ರಕ್ತ, ನೀರು ಅಥವಾ ಕೀವು ನಿಲ್ಲುವುದು.
2. ಆ ಭಾಗ ಅಲುಗಾಡಿ, ಚರ್ಮ ಜಾರಿ, ಎಳೆಯ ರಕ್ತನಾಳ ಹರಿಯುವುದು.
3. ಬೀಡಿ, ಸಿಗರೇಟು, ಹೊಗೆಸೊಪ್ಪು. ಇವುಗಳಲ್ಲಿರುವ ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ.
4. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕಾಲಿನ ರಕ್ತನಾಳ ಕಟ್ಟಿರುವುದು.

ನಾವು ಏನು ಮಾಡಬೇಕು?
* ನೋಡುವ ಆಸೆಗೆ ಪಟ್ಟಿ ಬಿಚ್ಚಬೇಡಿ. ಅದನ್ನು ಡಾಕ್ಟರೇ ಬಿಚ್ಚಲಿ.
* ಕಾಲಿಗೆ ಕಸಿ ಮಾಡಿದ್ದರೆ ದಿಂಬಿನ ಮೇಲೆ ಎತ್ತರಿಸಿ ಇಡಿ. ಡಾಕ್ಟರು ಹೇಳುವ ತನಕ ನಡೆಯೋದು ಬೇಡ.
* ಬೇಳೆ, ಕಾಳು, ಮೊಟ್ಟೆ, ಸೊಪ್ಪು ಕೊಡಿ.
* ಸೊಪ್ಪಿನ ರಸ, ಅರಿಶಿನ, ಬೂದಿ ಏನನ್ನೂ ಹಚ್ಚಬೇಡಿ.

ಚರ್ಮ ಕಪ್ಪಾದರೆ, ಕೆಟ್ಟ ವಾಸನೆ, ಕೀವು ಅಥವಾ ಜ್ವರ ಬಂದರೆ, ನೋವು ಹೆಚ್ಚಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ವಲ್ಪ ಭಾಗ ಮಾತ್ರ ಹೋಗಿದ್ದರೆ ಡ್ರೆಸ್ಸಿಂಗ್‌ನಲ್ಲೇ ಮಾಯಬಹುದು. ಹೆಚ್ಚು ಹೋದರೆ ಮತ್ತೆ ಕಸಿ, ಮತ್ತೆ ತೊಡೆಯಲ್ಲಿ ಗಾಯ, ಮತ್ತೆ ಕೂಲಿ ನಷ್ಟ.

ಒಂದು ಮಾತು. ಗಂಡಸರಿಗೆ ಕಸಿಯಾದರೆ ಮನೆಯವರೆಲ್ಲ ಆರೈಕೆ ಮಾಡ್ತಾರೆ. ಹೆಣ್ಣುಮಗಳಾದರೆ ಎಷ್ಟೋ ಮನೆಗಳಲ್ಲಿ ಬಂದ ಮರುದಿನವೇ ನೀರು ಹೊರಬೇಕು, ಒಲೆ ಮುಂದೆ ಕೂರಬೇಕು. ಅವಳ ವಿಶ್ರಾಂತಿ ಸೋಮಾರಿತನ ಅಲ್ಲ, ಅದೂ ಔಷಧಿಯೇ.

ಚರ್ಚಿಸಿ: ನಮ್ಮ ಸಂಘದ ಒಬ್ಬಳಿಗೆ ಹೀಗಾದರೆ, ಆ ದಿನಗಳಲ್ಲಿ ಅವಳ ಮನೆಗೆಲಸವನ್ನು ಯಾರ್ಯಾರು ಹಂಚಿಕೊಳ್ಳುತ್ತೀರಿ?