ಟ್ಯೂಬ್‌ಲೈಟ್ ಬದಲಿಸಿ ಎಂದು ಕೇಳುವ ಹಕ್ಕು

ಮೂವತ್ತೋ ನಲವತ್ತೋ ದಾಟಿದ ಮೇಲೆ ‘ನಿಮಗಿರುವುದು ಆಟಿಸಂ’ ಎಂದು ವೈದ್ಯರು ಹೇಳಿದಾಗ ಅನೇಕರಿಗೆ ಮೊದಲು ಆಗುವುದು ಸಮಾಧಾನವೇ. ಮದುವೆ ಮನೆಯ ವಾಲಗ ಶುರುವಾದೊಡನೆ ಎದ್ದು ಹೊರಗೆ ಹೋಗುತ್ತಿದ್ದುದಕ್ಕೆ, ಒರಟು ಬಟ್ಟೆ ತೊಟ್ಟರೆ ಮೈ ಉರಿದಂತಾಗುತ್ತಿದ್ದುದಕ್ಕೆ, ಒಗ್ಗರಣೆಯ ಘಾಟಿಗೆ ತಲೆ ಸಿಡಿಯುತ್ತಿದ್ದುದಕ್ಕೆ ಅಷ್ಟು ವರ್ಷ ‘ಸೊಕ್ಕು’, ‘ನಾಜೂಕು’ ಎಂಬ ಮಾತುಗಳಷ್ಟೇ ಸಿಕ್ಕಿರುತ್ತವೆ. ಈಗ ಒಂದು ಕಾರಣ ಸಿಕ್ಕಿದೆ. ಆದರೆ ಮರುದಿನ ಕಚೇರಿಗೆ ಹೋದರೆ ಮಿಣುಕುವ ಅದೇ ಟ್ಯೂಬ್‌ಲೈಟ್, ಗುಂಯ್‌ಗುಡುವ ಅದೇ ಎಸಿ. ಇದನ್ನು ಸಹಿಸಿಕೊಂಡೇ ಇರಬೇಕೆ, ಬದಲಿಸಿ ಎಂದು ಕೇಳಬಹುದೆ?

ಕೇಳಬಹುದು. ಹಾಗೆ ಕೇಳಲು ಹೆಚ್ಚಿನವರು ಅಂದುಕೊಂಡಷ್ಟು ಕಾಗದಪತ್ರವೂ ಬೇಕಿಲ್ಲ. ವೈದ್ಯರ ವರದಿ ಒಂದು, ಸರ್ಕಾರದ ಅಂಗವೈಕಲ್ಯ ಪ್ರಮಾಣಪತ್ರ ಇನ್ನೊಂದು, ಕೆಲಸದ ಜಾಗದಲ್ಲಿ ಹೊಂದಾಣಿಕೆ ಕೇಳುವ ಹಕ್ಕು ಮತ್ತೊಂದು. ಈ ಮೂರನ್ನು ಒಂದೇ ಎಂದುಕೊಂಡು ಪ್ರಮಾಣಪತ್ರ ಬರಲಿ ಎಂದು ಕಾಯುತ್ತ ಕೂರುವವರೇ ಹೆಚ್ಚು.

ಕಾಯಿದೆ ಏನು ಹೇಳುತ್ತದೆ?

1995ರ ಹಳೆಯ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016 ತನ್ನ 21 ವೈಕಲ್ಯಗಳ ಪಟ್ಟಿಗೆ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನು ಸೇರಿಸಿತು. ಈ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿ ವಯಸ್ಸಿನ ಮಿತಿ ಇಲ್ಲ. ಐದರಲ್ಲಿ ಗೊತ್ತಾದರೂ ಐವತ್ತರಲ್ಲಿ ಗೊತ್ತಾದರೂ ಹಕ್ಕು ಒಂದೇ.

ಇಂದ್ರಿಯ ಸಂವೇದನೆಯ ತೊಂದರೆ ಕಲ್ಪನೆಯಲ್ಲ. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲಿಯೇ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದೆ. ನಮ್ಮ ಸರ್ಕಾರ ಪ್ರಮಾಣಪತ್ರಕ್ಕಾಗಿ ಬಳಸುವ ‘ಇಸಾ’ ಮಾಪಕದ 40 ಅಂಶಗಳಲ್ಲಿಯೂ ಇಂದ್ರಿಯಗಳಿಗೆ ಸಂಬಂಧಿಸಿದ ಪ್ರತ್ಯೇಕ ವಿಭಾಗವಿದೆ. ಮೇಲಧಿಕಾರಿ ‘ಇದೆಲ್ಲ ಮನಸ್ಸಿನ ಭ್ರಮೆ’ ಎಂದರೆ ಕೊಡಬಹುದಾದ ಉತ್ತರ ಇದೇ.

ಕಾಯಿದೆಯ ಜೀವಾಳ ‘ಸಮಂಜಸ ಹೊಂದಾಣಿಕೆ’. ಬೇರೆಯವರಂತೆ ಕೆಲಸ ಮಾಡಲು, ಕಲಿಯಲು, ಸೇವೆ ಪಡೆಯಲು ಒಬ್ಬ ವ್ಯಕ್ತಿಗೆ ಬೇಕಾದ ಮಾರ್ಪಾಡನ್ನು, ಸಂಸ್ಥೆಗೆ ವಿಪರೀತ ಹೊರೆಯಾಗದಂತೆ ಮಾಡಿಕೊಡುವುದು ಎಂದು ಇದರ ಅರ್ಥ. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ ಕಲಂ 2(ಎಚ್). ಇಲ್ಲಿ ‘ಶೇ. 40ರಷ್ಟು ವೈಕಲ್ಯ ಇರಬೇಕು’ ಎಂಬ ಷರತ್ತಿಲ್ಲ. ಆ ಷರತ್ತು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ ಮಾತ್ರ. ಕೈಬರಹದ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಹೊಂದಾಣಿಕೆಯ ಹಕ್ಕನ್ನು ಶೇ. 40ರ ಗೆರೆಯೊಳಗೆ ಕಟ್ಟಿಹಾಕುವಂತಿಲ್ಲ.

ಮನವಿ ಪತ್ರ ಬರೆಯುವುದು ಹೇಗೆ?

‘ನನಗೆ ಆಟಿಸಂ ಇದೆ, ಸಹಕರಿಸಿ’ ಎಂದಷ್ಟೇ ಬರೆದ ಪತ್ರಕ್ಕೆ ‘ಆಗಲಿ, ನೋಡೋಣ’ ಎಂಬ ಉತ್ತರವೇ ಬರುತ್ತದೆ. ಮೊದಲು ಎರಡು ವಾರ ಒಂದು ಡೈರಿ ಬರೆಯಿರಿ: ಯಾವ ಹೊತ್ತು, ಯಾವ ಜಾಗ, ಯಾವ ಸದ್ದು ಅಥವಾ ಬೆಳಕು, ಅದರಿಂದ ಏನಾಯಿತು, ಚೇತರಿಸಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು. ಆಕ್ಯುಪೇಷನಲ್ ಥೆರಪಿಸ್ಟ್ ಬಳಿ ಹೋದಾಗಲೂ ಈ ಡೈರಿ ಉಪಯೋಗಕ್ಕೆ ಬರುತ್ತದೆ, ಮುಂದೆ ದೂರು ಕೊಡಬೇಕಾಗಿ ಬಂದರೆ ದಾಖಲೆಯೂ ಆಗುತ್ತದೆ.

ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುವವರ ಪತ್ರ ಹೀಗಿರಬಹುದು:

‘ನನಗೆ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ ಇರುವುದಾಗಿ ವೈದ್ಯರು ದೃಢಪಡಿಸಿದ್ದಾರೆ, ವರದಿ ಲಗತ್ತಿಸಿದೆ. ನೋಟು ಎಣಿಸುವ ಯಂತ್ರದ ಪಕ್ಕದಲ್ಲಿ ಕುಳಿತಾಗ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬಂದು ಲೆಕ್ಕ ತಪ್ಪುತ್ತಿದೆ. 2016ರ ಕಾಯಿದೆಯಡಿ ಈ ಕೆಳಗಿನ ಹೊಂದಾಣಿಕೆಗಳನ್ನು ಕೋರುತ್ತೇನೆ: 1. ಯಂತ್ರದಿಂದ ದೂರದ, ಗೋಡೆ ಬದಿಯ ಆಸನ. 2. ನನ್ನ ಮೇಜಿನ ಮೇಲಿನ ಮಿಣುಕುವ ಟ್ಯೂಬ್‌ಲೈಟ್ ಬದಲಾವಣೆ. 3. ಗ್ರಾಹಕರಿಲ್ಲದ ಹೊತ್ತಿನಲ್ಲಿ ಸದ್ದು ತಗ್ಗಿಸುವ ಹೆಡ್‌ಫೋನ್ ಬಳಸಲು ಅನುಮತಿ. 4. ಮುಖ್ಯ ಸೂಚನೆಗಳನ್ನು ಬಾಯಿಮಾತಿನ ಜೊತೆಗೆ ಇಮೇಲ್‌ನಲ್ಲಿಯೂ ಕೊಡುವುದು. ದಯವಿಟ್ಟು ಲಿಖಿತವಾಗಿ ಉತ್ತರಿಸಿ.’

ಪತ್ರದಲ್ಲಿ ಗೋಳಿಲ್ಲ, ಬೆದರಿಕೆಯೂ ಇಲ್ಲ. ತೊಂದರೆ, ಅದರಿಂದ ಕೆಲಸಕ್ಕಾಗುವ ಅಡ್ಡಿ, ಬೇಕಾದ ಪರಿಹಾರ ಇಷ್ಟೇ ಇವೆ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲವೇ ಇಮೇಲ್ ಮಾಡಿ. ಹೊಂದಾಣಿಕೆಯ ಖರ್ಚನ್ನು ನಿಮ್ಮ ಮೇಲೆ ಹೊರಿಸಿದರೆ ನೆನಪಿಸಿ: ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಆ ವೆಚ್ಚವನ್ನು ಅಂಗವಿಕಲ ವ್ಯಕ್ತಿಯಿಂದ ವಸೂಲು ಮಾಡಬಾರದು ಎಂದು 2017ರ ಕೇಂದ್ರ ನಿಯಮಗಳ 3ನೇ ನಿಯಮ ಹೇಳುತ್ತದೆ.

ಸರ್ಕಾರಿ ಸಂಸ್ಥೆಗಳಿಗೆ ಕಲಂ 20 ಹೊಂದಾಣಿಕೆಯನ್ನು ನೇರವಾಗಿಯೇ ಕಡ್ಡಾಯ ಮಾಡಿದೆ. ಖಾಸಗಿ ಸಂಸ್ಥೆಗಳೂ ಕಲಂ 21ರಂತೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಸಂಪರ್ಕಾಧಿಕಾರಿಯ ನೇಮಕದ ವಿವರವೂ ಆ ನೀತಿಯಲ್ಲಿರಬೇಕು. ಮೊದಲು ಆ ನೀತಿಯ ಪ್ರತಿ ಕೇಳಿ ಓದಿಕೊಳ್ಳಿ. ಹೊಂದಾಣಿಕೆ ಬೇಡದಿದ್ದರೆ ನಿಮ್ಮ ಸ್ಥಿತಿಯನ್ನು ಸಹೋದ್ಯೋಗಿಗಳಿಗೆ ಹೇಳಲೇಬೇಕು ಎಂದು ಈ ಕಾಯಿದೆ ಒತ್ತಾಯಿಸುವುದಿಲ್ಲ.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್

ಮೀಸಲಾತಿ, ತೆರಿಗೆ ರಿಯಾಯಿತಿ ಬೇಕಾದವರಿಗೆ ಪ್ರಮಾಣಪತ್ರ ಬೇಕೇ ಬೇಕು. ಖಾಸಗಿ ವೈದ್ಯರ ವರದಿ ಅದರ ಬದಲಿಗೆ ನಡೆಯದು. ‘ಸ್ವಾವಲಂಬನ್’ ಜಾಲತಾಣದಲ್ಲಿ ಗುರುತಿನ ಚೀಟಿ, ವಿಳಾಸದ ದಾಖಲೆ, ಫೋಟೊ ಸಹಿತ ಪ್ರಮಾಣಪತ್ರಕ್ಕೂ ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಕಾರ್ಡ್‌ಗೂ ಅರ್ಜಿ ಹಾಕಬೇಕು. ಗೊತ್ತುಪಡಿಸಿದ ಆಸ್ಪತ್ರೆ ಪರೀಕ್ಷೆಗೆ ಕರೆಯುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ.

ವಯಸ್ಕರಿಗೆ ಎದುರಾಗುವ ತೊಡಕು ಇಲ್ಲಿಯೇ. ವರ್ಷಗಟ್ಟಲೆ ತಮ್ಮ ಕಷ್ಟವನ್ನು ಮುಚ್ಚಿಟ್ಟು ‘ಸಹಜ’ರಂತೆ ನಡೆದುಕೊಳ್ಳುವುದನ್ನು ರೂಢಿಸಿಕೊಂಡವರು ಅರ್ಧ ಗಂಟೆಯ ಭೇಟಿಯಲ್ಲಿ ಚೆನ್ನಾಗಿಯೇ ಮಾತಾಡಿ ಬಂದುಬಿಡುತ್ತಾರೆ. ಆದ್ದರಿಂದ ಬಾಲ್ಯದಿಂದ ನಿಮ್ಮನ್ನು ಬಲ್ಲ ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ. ಹಳೆಯ ಶಾಲಾ ವರದಿಗಳು, ಸಂವೇದನೆಯ ಡೈರಿ, ವೈದ್ಯರ ಪೂರ್ಣ ವರದಿ ಕೈಯಲ್ಲಿರಲಿ. ಇಸಾ ಮಾಪಕದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲವೆಂದು ಪರಿಗಣಿಸುತ್ತಾರೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಕಲಂ 59ರ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ.

2024ರ ಅಕ್ಟೋಬರ್‌ನ ತಿದ್ದುಪಡಿ ನಿಯಮಗಳ ಪ್ರಕಾರ ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಕಾರ್ಡ್. ಶೇ. 40 ಮುಟ್ಟಿದವರಿಗೆ ಸರ್ಕಾರಿ ಉದ್ಯೋಗದ ಶೇ. 4ರ ಮೀಸಲಾತಿಯಲ್ಲಿ ಅವಕಾಶವಿದೆ, ಅದರಲ್ಲಿ ಶೇ. 1 ಭಾಗವನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಅಸ್ವಸ್ಥತೆ ಮೊದಲಾದವು ಹಂಚಿಕೊಳ್ಳುತ್ತವೆ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆದಾಯದಲ್ಲಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನದು. ಥೆರಪಿಯ ಖರ್ಚಿಗೂ ಒದಗುತ್ತದೆ.

ಮನೆಯ ಹೊರಗಿನ ಸದ್ದಿಗೆ

ಕಚೇರಿಯಲ್ಲಿ ಹೊಂದಾಣಿಕೆ ಸಿಕ್ಕರೂ ರಾತ್ರಿ ಪಕ್ಕದ ಕಲ್ಯಾಣ ಮಂಟಪದ ಡಿಜೆ ನಿದ್ದೆಗೆಡಿಸಿದರೆ? ಇದಕ್ಕೆ ಯಾವ ಪ್ರಮಾಣಪತ್ರವೂ ಬೇಡ. 2000ದ ಶಬ್ದ ಮಾಲಿನ್ಯ ನಿಯಮಗಳು ಎಲ್ಲ ನಾಗರಿಕರಿಗೂ ಇವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ ಉತ್ಸವಗಳಿಗೆಂದು ಸರ್ಕಾರ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದಾದರೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರಗಳನ್ನೂ ಓಡಿಸಬಾರದು. 112ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗಲಾಟೆ ಮತ್ತೆ ಮತ್ತೆ ನಡೆದರೆ ಠಾಣೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿ.

ಸಾಕ್ಷಿ ಹೇಳಲು ಪೊಲೀಸರು ಕರೆದರೆ ಠಾಣೆಯ ಗದ್ದಲಕ್ಕೆ ಹೋಗಲೇಬೇಕೆಂದಿಲ್ಲ. ದೈಹಿಕ ಅಥವಾ ಮಾನಸಿಕ ವೈಕಲ್ಯವಿರುವವರನ್ನು ಅವರ ವಾಸಸ್ಥಳ ಬಿಟ್ಟು ಬೇರೆಡೆ ಕರೆಸುವಂತಿಲ್ಲ ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179. ಸ್ವಇಚ್ಛೆಯಿಂದ ಹೋಗುವುದು ನಿಮಗೆ ಬಿಟ್ಟದ್ದು.

ಕೇಳಿದ ಹೊಂದಾಣಿಕೆ ಕೊಡದಿದ್ದರೆ?

ಸರ್ಕಾರಿ ಕಚೇರಿಯಾದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಎರಡು ವಾರದೊಳಗೆ ವಿಚಾರಣೆ ನಡೆಸಬೇಕು ಎನ್ನುತ್ತದೆ 2016ರ ಕಾಯಿದೆಯ ಕಲಂ 23. ಅಲ್ಲಿ ಪರಿಹಾರ ಸಿಗದಿದ್ದರೂ, ಖಾಸಗಿ ಸಂಸ್ಥೆಯಾಗಿದ್ದರೂ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಕೇಂದ್ರ ಸರ್ಕಾರದ ಸಂಸ್ಥೆಗಳ ವಿಷಯ ದೆಹಲಿಯ ಮುಖ್ಯ ಆಯುಕ್ತರಿಗೆ ಸೇರಿದ್ದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ಅವರು ಕೊಡುವುದು ಶಿಫಾರಸು. ಅದನ್ನು ಒಪ್ಪದ ಸಂಸ್ಥೆಯ ವಿರುದ್ಧ ಹೈಕೋರ್ಟ್‌ಗೆ ಹೋಗಬೇಕಾಗಬಹುದು. ಕಾಯಿದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ ಕಲಂ 92ರಂತೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಕಲಂ 12ರಂತೆ ಅಂಗವಿಕಲ ವ್ಯಕ್ತಿಗಳಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮನಸ್ಸು ಕುಗ್ಗಿದಾಗ ಮಾತಾಡಲು ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲಿಯೂ ಸಿಗುತ್ತದೆ. ಚಿಕಿತ್ಸೆ, ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ.

ಕೊನೆಯದಾಗಿ ಮನೆಯವರಿಗೊಂದು ಮಾತು. ಆಟಿಸಂ ಗೊತ್ತಾದ ಮಾತ್ರಕ್ಕೆ ಮಗನಿಗೋ ಮಗಳಿಗೋ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸಬೇಕಾಗಿಲ್ಲ. ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕನ್ನು 2016ರ ಕಾಯಿದೆಯ ಕಲಂ 13 ಅವರ ಕೈಯಲ್ಲೇ ಇಟ್ಟಿದೆ. ಅವರ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಆತುರ ಬೇಡ. ಮನವಿ ಪತ್ರ ಬರೆಯುವಾಗ ಪಕ್ಕದಲ್ಲಿ ಕೂತು ನೆರವಾಗಿ, ಸಹಿ ಅವರದೇ ಇರಲಿ.