ಆರೋಗ್ಯ ಪ್ರಶ್ನೋತ್ತರ: ‘ಬಿ.ಪಿ. ನಾರ್ಮಲ್ ಬಂತು, ಮಾತ್ರೆ ಬಿಡಲೇ?’

ಪ್ರ: ನನಗೆ 52 ವರ್ಷ, ಶಾಲಾ ಶಿಕ್ಷಕ. ಕೆಮ್ಮಿಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಬಿ.ಪಿ. 158/96 ಇತ್ತು. ವಾರ ಬಿಟ್ಟು ನೋಡಿದಾಗಲೂ 154/94. ಆಮ್ಲೋಡಿಪಿನ್ 5 ಮಿ.ಗ್ರಾಂ. ಬರೆದುಕೊಟ್ಟರು. ತಿಂಗಳಲ್ಲಿ 128/80ಕ್ಕೆ ಇಳಿದಿದೆ. ತಲೆನೋವು, ತಲೆಸುತ್ತು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ‘ಮಾತ್ರೆ ಅಭ್ಯಾಸವಾಗಿಬಿಟ್ಟರೆ ಜೀವಮಾನವಿಡೀ ಬಿಡೋಕಾಗಲ್ಲ, ಈಗಲೇ ನಿಲ್ಲಿಸಿ’ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ನಿಲ್ಲಿಸಲೇ?
– ತಿಪಟೂರು

ಉ: ನಿಲ್ಲಿಸಬೇಡಿ ಮೇಷ್ಟ್ರೇ. ಆ 128 ಬಂದಿರುವುದು ಮಾತ್ರೆಯ ಬಲದಿಂದ. ಕೊಡೆ ಹಿಡಿದಿದ್ದಕ್ಕೆ ನೀವು ನೆನೆದಿಲ್ಲ, ಮಳೆಯೇನೂ ನಿಂತಿಲ್ಲ.

ಈ ‘ಅಭ್ಯಾಸ’ದ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೀಡಿ ಅಭ್ಯಾಸವಾಗುತ್ತದೆ, ಹೆಂಡ ಅಭ್ಯಾಸವಾಗುತ್ತದೆ. ಆಮ್ಲೋಡಿಪಿನ್ ಯಾರಿಗೂ ಚಟ ಹಿಡಿಸಿಲ್ಲ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ಅದು ತಗ್ಗಿಸುತ್ತದೆ, ನಾಳ ಸಡಿಲಗೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಮಾತ್ರೆ ಬಿಟ್ಟರೆ ವಾರ ಹದಿನೈದು ದಿನದಲ್ಲಿ ಅದರ ಪ್ರಭಾವ ಕರಗಿ ಬಿ.ಪಿ. ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ಆಗ ‘ನೋಡಿ, ಮಾತ್ರೆಗೆ ಒಗ್ಗಿಹೋಗಿದ್ದಾರೆ’ ಎನ್ನುತ್ತಾರೆ. ಒಗ್ಗುವ ಪ್ರಶ್ನೆಯೇ ಇಲ್ಲ, ಕಾಯಿಲೆ ಎಲ್ಲಿಗೂ ಹೋಗಿರಲಿಲ್ಲ ಅಷ್ಟೆ. ಲಕ್ವ ಹೊಡೆದವರನ್ನು ಎತ್ತಿಕೊಂಡು ಬರುವ ಮನೆಮಂದಿಯನ್ನು ಬಿ.ಪಿ. ಮಾತ್ರೆಯ ಬಗ್ಗೆ ವಿಚಾರಿಸಿದರೆ ಎಷ್ಟೋ ಸಲ ನನಗೆ ಸಿಗುವ ಉತ್ತರ ಒಂದೇ: ‘ನಾರ್ಮಲ್ ಬಂದಿತ್ತು, ಬಿಟ್ವಿ ಡಾಕ್ಟ್ರೇ.’ ತಲೆನೋವು ಇಲ್ಲದಿರುವುದನ್ನು ನಂಬಬೇಡಿ. ಬಿ.ಪಿ. ಏರಿದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಜೀವಮಾನವಿಡೀ ಇದೇ ಪ್ರಮಾಣ ಬೇಕೆಂದೇನಿಲ್ಲ. ತೂಕ ಇಳಿಸಿ, ದಿನಾ ನಡೆದು, ಉಪ್ಪು ತಗ್ಗಿಸಿದವರಿಗೆ ನಾನೇ ಮಾತ್ರೆ ಕಡಿಮೆ ಮಾಡಿದ್ದೇನೆ. ಆದರೆ ಅದನ್ನು ವೈದ್ಯರು ಬಿ.ಪಿ. ನೋಡುತ್ತಾ ನೋಡುತ್ತಾ ಮಾಡಬೇಕು. ಉಪ್ಪು ಎಂದರೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಒಂದು ಟೀ ಚಮಚಕ್ಕೂ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಎಲ್ಲವೂ ಈ ಲೆಕ್ಕದೊಳಗೇ.

‘ಸರ್ಕಾರಿ ಮಾತ್ರೆ, ಪವರ್ ಇರುತ್ತೋ ಇಲ್ಲವೋ’ ಎಂದೂ ಅಂಚಿನಲ್ಲಿ ಬರೆದಿದ್ದೀರಿ. ಪವರ್ ಇದೆ ಎಂದು ನಿಮ್ಮ 128 ಹೇಳುತ್ತಿದೆಯಲ್ಲ! ಐ.ಸಿ.ಎಂ.ಆರ್., ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಾಗೂ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶುರುಮಾಡಿದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಮೂಲ ವಿಚಾರವೇ ಇದು: ಕೆಲವೇ ಅಗ್ಗದ ಮಾತ್ರೆಗಳು, ಏರಿಸುವ ಒಂದು ಸರಳ ಕ್ರಮ, ತಿಂಗಳಿಗೆ ಸಾಕಾಗುವಷ್ಟು ಔಷಧ ಊರಿನ ಹತ್ತಿರವೇ. ನಿಮ್ಮ ವೈದ್ಯರು ಎರಡು ಸಲ ನೋಡಿ, ಆಮೇಲೆ ಬರೆದಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ನನಗೆ ಚಿಂತೆಯಾಗಿರುವುದು ಇನ್ನೊಂದು. ಇಷ್ಟುದ್ದದ ಪತ್ರದಲ್ಲಿ ಒಂದು ಪರೀಕ್ಷೆಯ ಸುದ್ದಿಯೂ ಇಲ್ಲ. ಕ್ರಿಯಾಟಿನಿನ್, ಪೊಟ್ಯಾಷಿಯಂ, ಮೂತ್ರದಲ್ಲಿ ಪ್ರೋಟೀನ್, ಸಕ್ಕರೆ, ಕೊಲೆಸ್ಟ್ರಾಲ್, ಒಂದು ಇ.ಸಿ.ಜಿ. ಈ ತಿಂಗಳೇ ಮಾಡಿಸಿ. ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ದರೆ ಮೇಲಿನ ಅಂಕಿ 130ಕ್ಕಿಂತ ಕೆಳಗಿರಬೇಕು. ಪರೀಕ್ಷೆಯಿಲ್ಲದೆ ನಿಮ್ಮ ಗುರಿ ಯಾವುದೆಂದು ಯಾರೂ ಹೇಳಲಾರರು.

ಪ್ರ: ನಮ್ಮ ಅವ್ವನಿಗೆ 66 ವರ್ಷ. ಟೆಲ್ಮಿಸಾರ್ಟನ್ ಮತ್ತು ಕ್ಲೋರ್ಥಾಲಿಡೋನ್ ಸೇರಿದ ಗುಳಿಗೆ ತೊಗೋತಾರೆ. ಮೊದಲು 136 ಇರ್ತಿತ್ತು, ಎರಡು ತಿಂಗಳಿಂದ 164ರ ಆಸುಪಾಸು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನ ಗುಳಿಗೆ ದಿನಾ ಎರಡು ನುಂಗುತ್ತಾರೆ. ಬಿ.ಪಿ. ಗುಳಿಗೆಯ ಪವರ್ ಹೆಚ್ಚಿಸಬೇಕೇ?
– ಹಾವೇರಿ

ಉ: ಮೊದಲು ಆ ನೋವಿನ ಗುಳಿಗೆ ನಿಲ್ಲಿಸಿ. ಇವತ್ತೇ. ಚೀಟಿಯ ಮೇಲೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಎಂದು ಇರಬಹುದು, ಓದಿ ನೋಡಿ. ಇವು ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿ.ಪಿ. ಏರಿಸುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಗುಳಿಗೆ, ನೋವಿನ ಗುಳಿಗೆ ಈ ಮೂರೂ ಕೂಡಿದರೆ ಕಿಡ್ನಿಗೆ ಹೋಗುವ ರಕ್ತವೇ ಕುಗ್ಗುತ್ತದೆ. ಇಂಥ ಹಿರಿಯರು ಬೇಸಿಗೆಯಲ್ಲಿ ಒಂದೆರಡು ದಿನ ವಾಂತಿ ಭೇದಿ ಹತ್ತಿದರೆ ಸಾಕು, ಕಿಡ್ನಿ ಸೋತು ಬರುತ್ತಾರೆ. ಬಂದ ಮೇಲೆ ಬೈಗುಳ ತಿನ್ನುವುದು ಬಿ.ಪಿ. ಗುಳಿಗೆ: ‘ಅದೇ ಕಿಡ್ನಿ ತಿಂತು ನೋಡ್ರಿ!’ ಈ ಅಪವಾದ ಕೇಳಿ ಕೇಳಿ ಸಾಕಾಗಿದೆ. ಕಿಡ್ನಿಯನ್ನು ಹೆಚ್ಚು ಹಾಳು ಮಾಡುವುದು ಹತೋಟಿಯಿಲ್ಲದ ಬಿ.ಪಿ. ಮತ್ತು ಹೀಗೆ ಕೇಳದೆ ನುಂಗುವ ನೋವಿನ ಗುಳಿಗೆ.

ಈ ವಾರವೇ ಅವ್ವನಿಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿ. ಪವರ್ ಹೆಚ್ಚಿಸುವ ಮಾತು ಆಮೇಲೆ. ನೋವಿಗೆ ಸದ್ಯ ಪ್ಯಾರಾಸಿಟಮಾಲ್ ಸಾಕು, ಎಷ್ಟು ಎಂದು ವೈದ್ಯರನ್ನು ಕೇಳಿ. ತೊಡೆಯ ಸ್ನಾಯುವಿಗೆ ವ್ಯಾಯಾಮ ಕಲಿಸಿಕೊಡಲು ಹೇಳಿ. ಬಿ.ಪಿ.ಯನ್ನು ಕೂತಾಗ ಒಮ್ಮೆ, ಎದ್ದುನಿಂತ ಮೇಲೆ ಒಮ್ಮೆ ನೋಡಿಸಿ. ನಿಂತಾಗ ಧಡಕ್ಕನೆ ಇಳಿಯುವವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಪ್ರ: ಆಮ್ಲೋಡಿಪಿನ್ 10 ಮಾಡಿದ ಮೇಲೆ ಸಂಜೆ ಹೊತ್ತಿಗೆ ಎರಡೂ ಪಾದ ಊದುತ್ತವೆ. ಕಿಡ್ನಿ ಹೋಯಿತೇ ಎಂದು ಭಯ.
– ಗೃಹಿಣಿ, ಸಾಗರ

ಉ: ಭಯ ಬೇಡಮ್ಮ. ಈ ಮಾತ್ರೆಗೆ, ಅದರಲ್ಲೂ 10ರ ಪ್ರಮಾಣಕ್ಕೆ, ಪಾದ ಊದುವುದು ಮಾಮೂಲು. ಊತಕ್ಕೆಂದು ಮೂತ್ರ ಹೋಗುವ ಮಾತ್ರೆ ತಂದು ನುಂಗಬೇಡಿ, ಅದರಿಂದ ಪ್ರಯೋಜನ ಕಡಿಮೆ. ಮತ್ತೆ 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ 40 ಸೇರಿಸುವುದು ನಾವು ಹಿಡಿಯುವ ದಾರಿ. ಸೇರಿಸಿದ ಎರಡು ಮೂರು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡಿಸಿ. ಭಯ ಹೋಗಲು ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಒಂದೇ ಕಾಲು ಊದಿ ನೋವಾದರೆ, ಮಲಗಿದರೆ ಉಸಿರು ಕಟ್ಟಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರ: ನನಗೆ 29. ಎರಡು ವರ್ಷದಿಂದ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದೇನೆ. ಮಗು ಬೇಕೆಂದಿದ್ದೇವೆ. ಗರ್ಭ ನಿಂತ ಮೇಲೆ ಮಾತ್ರೆ ಬದಲಿಸಿದರೆ ಸಾಕೇ?
– ಹಾಸನ

ಉ: ಸಾಲದು, ಮುಂಚೆಯೇ ಬದಲಿಸಿ. ಟೆಲ್ಮಿಸಾರ್ಟನ್, ಎನಾಲಪ್ರಿಲ್, ರಾಮಿಪ್ರಿಲ್ ಗರ್ಭದಲ್ಲಿರುವ ಮಗುವಿನ ಕಿಡ್ನಿಗೆ ಅಪಾಯಕಾರಿ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇವುಗಳಲ್ಲಿ ಒಂದನ್ನು ವೈದ್ಯರು ಆರಿಸುತ್ತಾರೆ. ಅಲ್ಲಿಯವರೆಗೆ ಮುಟ್ಟು ಒಂದು ದಿನ ತಡವಾದರೂ ಪರೀಕ್ಷಿಸಿಕೊಳ್ಳಿ. 27ಕ್ಕೇ ಬಿ.ಪಿ. ಯಾಕೆ ಬಂತೆಂದು ಯಾರಾದರೂ ಹುಡುಕಿದ್ದಾರೆಯೇ? ಕಿಡ್ನಿ ಸ್ಕ್ಯಾನ್, ಪೊಟ್ಯಾಷಿಯಂ, ಥೈರಾಯ್ಡ್, ಮೂತ್ರ ಎಲ್ಲವೂ ಬಸಿರಿಗೆ ಮೊದಲೇ ಆಗಲಿ.

ಪ್ರ: ಟೆಲ್ಮಿಸಾರ್ಟನ್ ಜೊತೆಗೆ ಸರ್ಪಗಂಧದ ಪುಡಿಯನ್ನೂ ತೆಗೆದುಕೊಳ್ಳುತ್ತೇನೆ. ಸೈಂಧವ ಲವಣ ಬಳಸುತ್ತಿರುವುದರಿಂದ ಉಪ್ಪಿನ ಪಥ್ಯ ಬೇಡ ತಾನೇ?
– ಕುಂದಾಪುರ

ಉ: ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಪಥ್ಯ ಬೇಕೇ ಬೇಕು. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಷಿಯಂ ಇರುತ್ತದೆ, ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ಕೇಳದೆ ಅದನ್ನು ಕೊಳ್ಳಬಾರದು.

ಸರ್ಪಗಂಧವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದ ಲೇಖನ ಅದನ್ನು ಜಗತ್ತಿನ ಗಮನಕ್ಕೆ ತಂದಿತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದು ಬಿ.ಪಿ. ಇಳಿಸುವುದು ನಿಜ. ಮಂಕು ಹಿಡಿಸುವುದೂ, ಕೆಲವರನ್ನು ಖಿನ್ನತೆಗೆ ತಳ್ಳುವುದೂ ನಿಜ, ಅದಕ್ಕೇ ಈಗ ಹಿಂದೆ ಸರಿದಿದೆ. ನಿಮ್ಮ ಪುಡಿಯ ಒಂದು ಚಿಟಿಕೆಯಲ್ಲಿ ಎಷ್ಟಿದೆಯೆಂದು ಯಾರಿಗೂ ಗೊತ್ತಿಲ್ಲ. ಇತ್ತೀಚೆಗೆ ಮನಸ್ಸು ಕುಗ್ಗಿದೆಯೇ, ನಿದ್ದೆ ಹೆಚ್ಚಿದೆಯೇ, ಮೂಗು ಕಟ್ಟಿದೆಯೇ? ಈ ವಿಷಯವನ್ನು ಮುಚ್ಚಿಡದೆ, ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ದು ನಿಮ್ಮ ವೈದ್ಯರಿಗೆ ತೋರಿಸಿ. ಹೋದ ದಿನವೇ ಕ್ರಿಯಾಟಿನಿನ್, ಪೊಟ್ಯಾಷಿಯಂಗೆ ರಕ್ತ ಕೊಟ್ಟು ಬನ್ನಿ.